ಇಪ್ಪತ್ತು ಕುರಿ, ಒಂದು ಟಗರು

ನರ್ಸಮ್ಮ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು ನನ್ನ ಕೈಗೆ ಕೊಟ್ಟಾಗ ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಕೈಯನ್ನು. ನನ್ನ ಹೆಬ್ಬೆರಳಿನಷ್ಟು ದಪ್ಪದ ಆ ಮಣಿಕಟ್ಟಿಗೆ ಒಂದು ಹಳದಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದರು. ಅದರ ಮೇಲೆ ಸೊಸೆಯ ಹೆಸರು, ಕೆಳಗೆ ಒಂದು ನಂಬರು. ನನಗೆ ನಗು ಬಂತು. ಇಷ್ಟು ವರ್ಷ ಕಾಯಿಸಿ ಬಂದ ಮೊಮ್ಮಗಳು ಬಿಲ್ಲೆ ಹಾಕಿಸಿಕೊಂಡೇ ಬಂದಿದ್ದಾಳಲ್ಲ ಎಂದು ನಗುತ್ತಿದ್ದವಳಿಗೆ ನಗು ನಿಲ್ಲುವ ಮೊದಲೇ ಅಳು ಬಂದುಬಿಟ್ಟಿತು. ಗೋಡೆಗೆ ಒರಗಿ ನಿಂತು ಅತ್ತೆ.

"ಏಮಯಿಂದಮ್ಮಾ? ಆಡಪಿಲ್ಲ ಅನಿ ಏಡುಸ್ತುನ್ನಾವಾ?" ಎಂದು ನರ್ಸಮ್ಮ ತೆಲುಗಿನಲ್ಲಿ ಗದರಿದಳು. ಹೆಣ್ಣು ಹುಟ್ಟಿತೆಂದು ಅಳುತ್ತಿದ್ದೇನೆ ಅಂತ ತಿಳಿದಳು ಪಾಪ.

"ಕಾದಮ್ಮಾ, ಕಾದು" ಎಂದು ನಾನೂ ತೆಲುಗಿನಲ್ಲೇ ಅಲ್ಲವೆಂದೆ. ಹೆಣ್ಣೆಂದರೆ ನನಗೆ ಜೀವ. ಅವಳಿಗೆ ಹೇಳಬೇಕಾದದ್ದು ಬೇರೆಯೇ ಇತ್ತು, ಆದರೆ ಆಸ್ಪತ್ರೆಯ ಓಣಿಯಲ್ಲಿ ನಿಂತು ಹೇಳುವಂಥದ್ದಲ್ಲ. ಹಾಗಾಗಿ ಈಗ ಕೂತು ಬರೆಯುತ್ತಿದ್ದೇನೆ. ಓದಿದ್ದು ನಾಲ್ಕನೇ ಇಯತ್ತೆ, ಸೇಡಂ ಕಡೆಯ ನಮ್ಮೂರಿನ ಕನ್ನಡ ಶಾಲೆಯಲ್ಲಿ. ಅಕ್ಷರ ದುಂಡಗೆ ಬರುವುದಿಲ್ಲ. ಕೂಸು ತೊಡೆಯ ಮೇಲೆ ಮಲಗಿದೆ, ಒಂದು ಕೈಯಿಂದ ತಟ್ಟುತ್ತ ಇನ್ನೊಂದು ಕೈಯಿಂದ ಬರೆಯುತ್ತಿದ್ದೇನೆ. ನಡುನಡುವೆ ಪೆನ್ನು ಇಟ್ಟು ಅವಳ ಕಾಲಿಗೊಂದು ಮುತ್ತು ಕೊಡುತ್ತೇನೆ. ಅಜ್ಜಿಗೆ ಹುಚ್ಚು ಹಿಡಿದಿದೆ ಎಂದು ಮಗ ನಗುತ್ತಾನೆ. ಹಿಡಿಯಲಿ.

ನಾವು ಕುರುಬರು. ನಾನು ಮದುವೆಯಾಗಿ ಬಂದಾಗ ಹೈದರಾಬಾದಿನ ಅಂಚಿನ ಕುಷಾಯಿಗೂಡ ದಾಟಿದರೆ ಬರೀ ಬಂಡೆ, ಜಾಲಿಗಿಡ, ಒಂದು ಕೆರೆ. ಆ ಕಡೆ ದೊಡ್ಡ ಕಾರ್ಖಾನೆಯ ಉದ್ದನೆಯ ಗೋಡೆ. ಗೋಡೆಗೂ ಕೆರೆಗೂ ನಡುವಿನ ಬಯಲಿನಲ್ಲಿ ನಮ್ಮ ಕುರಿ ಮೇಯುತ್ತಿದ್ದವು. ನನ್ನ ಮಾವ ಆ ಕುರಿಗಳನ್ನು ನಮ್ಮ ಸೀಮೆಯಿಂದ ನಡೆಸಿಕೊಂಡೇ ತಂದವರು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕನ್ನಡದ ಮಂದಿ ಸಂಜೆ ಸೈಕಲ್ ಮೇಲೆ ಹೋಗುವಾಗ ನಮ್ಮ ಮಾತು ಕೇಳಿ ಇಳಿದು, "ಯಾವೂರ್ರಿ ನಿಮ್ದು?" ಎಂದು ವಿಚಾರಿಸುತ್ತಿದ್ದರು. ಎಲ್ಲವೂ ಕರಿ ಕುರಿ. ಮೈತುಂಬ ಉಣ್ಣೆ, ಗಿಡ್ಡ ಕಾಲು, ಬಾಗಿದ ಮೂಗು. ಬೇಸಿಗೆಗೂ ಬಗ್ಗುತ್ತಿರಲಿಲ್ಲ, ಬಂಡೆ ಸಂದಿನ ಒಣ ಹುಲ್ಲು ತಿಂದುಕೊಂಡು ಇರುತ್ತಿದ್ದವು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆಯಲ್ಲಿ ಹುಟ್ಟುವ ಕೂಸನ್ನು ಹೆಸರಿಡುವ ದಿನ ಕಂಬಳಿಯ ಮೇಲೆ ಮಲಗಿಸಬೇಕು. ಅದು ಅಂಗಡಿಯ ಕಂಬಳಿಯಲ್ಲ. ನಮ್ಮ ಹಟ್ಟಿಯಲ್ಲೇ ಹುಟ್ಟಿದ ಕರಿ ಮರಿಯ ಮೊದಲ ಕತ್ತರಿಯ ಉಣ್ಣೆ ಆಗಬೇಕು. ಆ ಉಣ್ಣೆ ರೇಷ್ಮೆಯ ಹಾಗೆ ಇರುತ್ತದೆ, ಚುಚ್ಚುವುದಿಲ್ಲ. ಆಮೇಲೆ ಆ ಮರಿ ಆ ಕೂಸಿನದು. ಅಜ್ಜನಾದವನು ಅದರ ಕಿವಿಯ ಅಂಚಿನಲ್ಲಿ ಮನೆಯ ಗುರುತು ಕೊಯ್ದು ಅರಿಶಿನ ಹಚ್ಚುತ್ತಾನೆ. ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಮುದಿಯಾಗಿ ತಾನೇ ಸಾಯಬೇಕು. ಇನ್ನೊಂದು ಮಾತೆಂದರೆ, ಕೂಸು ಹುಟ್ಟುವ ಮೊದಲು ಉಣ್ಣೆಯನ್ನು ನೂಲಬಾರದು. ಚೀಲದಲ್ಲಿ ಬೇವಿನ ಎಲೆ ಹಾಕಿ ಜಂತಿಗೆ ಕಟ್ಟಿಡಬೇಕು, ಅಷ್ಟೇ. ಬಸುರು ನಿಲ್ಲದೆ ಹೋದರೆ ಆ ಉಣ್ಣೆಯನ್ನು ಮನೆಯಲ್ಲಿ ಇಡುವಂತಿಲ್ಲ, ನೀರಿಗೆ ಬಿಡಬೇಕು.

ನನ್ನ ಮಗ ಆ ಕಂಬಳಿಯ ಮೇಲೆ ಮಲಗಿದವನು. ಅವನಿಗೆ ಮದುವೆಯಾಯಿತು, ಸೊಸೆ ಬಂದಳು, ಬಂಗಾರದಂಥ ಹುಡುಗಿ. ಅವಳ ಬಸುರು ಒಮ್ಮೆ ನಿಲ್ಲಲಿಲ್ಲ. ಇನ್ನೊಮ್ಮೆಯೂ ನಿಲ್ಲಲಿಲ್ಲ. ಎರಡು ಸಲವೂ ನನ್ನ ಯಜಮಾನರು ಚೀಲ ಇಳಿಸಿಕೊಂಡು ಕೆರೆಗೆ ಹೋದರು. ಉಣ್ಣೆ ಬೇಗ ಮುಳುಗುವುದಿಲ್ಲ. ತೇಲುತ್ತದೆ, ನೀರು ಕುಡಿದು ಕುಡಿದು ಆಮೇಲೆ ಕೆಳಗೆ ಹೋಗುತ್ತದೆ. ಅವರು ಅಷ್ಟು ಹೊತ್ತೂ ದಂಡೆಯಲ್ಲಿ ಕೂತಿದ್ದು ಬರುತ್ತಿದ್ದರು. ಬಂದು ಸೊಸೆಯ ತಲೆಯ ಮೇಲೆ ಕೈಯಿಟ್ಟು, "ಕುರಿ ಅದಾವಲ್ಲ ತಂಗಿ, ಮತ್ತ ಉಣ್ಣಿ ಬರ್ತೈತಿ" ಎನ್ನುತ್ತಿದ್ದರು. ತಂಗಿ ಎಂದೇ ಕರೆಯುತ್ತಿದ್ದರು ಸೊಸೆಯನ್ನು.

ಆದರೆ ಕುರಿ ಕಡಿಮೆಯಾಗುತ್ತ ಬಂದವು. ಬಯಲಿನಲ್ಲಿ ಅಪಾರ್ಟ್‌ಮೆಂಟು ಎದ್ದವು, ಬಂಡೆಗಳನ್ನು ಒಡೆದರು, ಕೆರೆಯ ಅರ್ಧಕ್ಕೆ ಮಣ್ಣು ತುಂಬಿತು. ಕರಿ ಕುರಿ ಏಳು ಉಳಿದಿದ್ದವು, ಆರು ಹೆಣ್ಣು, ಒಂದು ಟಗರು. ಆ ಹೊತ್ತಿಗೆ ಸರಕಾರದವರು ಕುರಿಗಾರರಿಗೆ ಕುರಿ ಕೊಡುತ್ತಾರೆಂದು ಸುದ್ದಿ ಬಂತು. ನಮ್ಮ ಯಜಮಾನರೂ ಊರಿನ ಕುರಿಗಾರರ ಸಂಘದಲ್ಲಿದ್ದರು. ಚೀಟಿ ಎತ್ತಿದಾಗ ಅವರ ಹೆಸರು ಬಂತು. ಒಬ್ಬರಿಗೆ ಒಂದು ಯೂನಿಟ್ಟು. ಯೂನಿಟ್ಟು ಅಂದರೆ ಇಪ್ಪತ್ತು ಹೆಣ್ಣು ಕುರಿ, ಒಂದು ಟಗರು.

ಲಾರಿಯಿಂದ ಕುರಿ ಇಳಿಸುವ ದಿನ ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಇಳಿದವುಗಳನ್ನು ನೋಡಿ ತಟ್ಟೆ ಹಿಡಿದವಳು ಹಾಗೇ ನಿಂತೆ. ಎತ್ತರದ ಕಾಲು, ಬಿಳಿ ಮೈ, ಮೈಮೇಲೆ ಒಂದೆಳೆ ಉಣ್ಣೆ ಇಲ್ಲ. ಸಮುದ್ರದ ಕಡೆಯಿಂದ ತಂದವಂತೆ. ಒಂದೊಂದರ ಕಿವಿಯಲ್ಲೂ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಉದ್ದನೆಯ ನಂಬರು.

"ಇವು ಕುರೀನೋ, ಕರುವೋ?" ಎಂದರು ಯಜಮಾನರು. "ಮೈಮ್ಯಾಲ ಅಂಗೀನ ಇಲ್ಲಲ್ಲೋ ಇವಕ್ಕ."

"ಮಾಂಸದ ಕುರಿ ಅಪ್ಪಾ ಇವು. ಉಣ್ಣಿ ಯಾರಿಗೆ ಬೇಕಾಗೇತಿ ಈಗ?" ಎಂದ ಮಗ. ಅವನು ಟ್ರಾಲಿ ಆಟೋ ಓಡಿಸುತ್ತಾನೆ, ಬೇಗಂ ಬಜಾರಿನಿಂದ ಕಿರಾಣಿ ಅಂಗಡಿಗಳಿಗೆ ಸಾಮಾನು ಹಾಕುತ್ತಾನೆ. ಊರೆಲ್ಲ ತಿರುಗುವವನು, ಯಾವುದು ನಡೆಯುತ್ತದೆ ಯಾವುದು ನಡೆಯುವುದಿಲ್ಲ ಎಂದು ಅವನಿಗೆ ಗೊತ್ತು.

"ನಿನ್ನ ಮಕ್ಕಳಿಗೆ ಬೇಕಾಗೇತಿ" ಎಂದರು ಇವರು.

ದನದ ಡಾಕ್ಟರು ನಿಯಮ ಹೇಳಿಕೊಟ್ಟರು. ಬಿಲ್ಲೆ ಇರುವ ಕುರಿ ಮಾರುವಂತಿಲ್ಲ, ಇಂತಿಷ್ಟು ಕಾಲ ಸಾಕಲೇಬೇಕು. ಸತ್ತರೆ ಬಿಲ್ಲೆಯ ಸಮೇತ ಕಿವಿ ತಂದು ತೋರಿಸಬೇಕು. ಆಗಾಗ ಬಂದು ನಂಬರು ನೋಡಿಕೊಂಡು ಹೋಗುತ್ತೇವೆ ಎಂದರು. ಡಾಕ್ಟರು ಬೀದರ ಕಡೆಯವರು, ಕನ್ನಡ ಬರುತ್ತಿತ್ತು. ಒಳ್ಳೆಯ ಮನುಷ್ಯ. ಎಲ್ಲ ನಿಧಾನವಾಗಿ ಹೇಳಿದರು. ಆದರೆ ನಮ್ಮವರ ಕಿವಿಗೆ ಹೋದದ್ದು ಒಂದೇ ಮಾತು, ಇಪ್ಪತ್ತು ಕುರಿ ಒಂದು ಟಗರು, ಕಡಿಮೆಯಾಗಬಾರದು ಅಂತ.

ಬಿಳಿ ಕುರಿಗಳಿಗೆ ಹೊಟ್ಟೆ ದೊಡ್ಡದು. ಬಂಡೆ ಸಂದಿನ ಹುಲ್ಲು ಅವಕ್ಕೆ ಸಾಲದು, ಹಸಿ ಮೇವೇ ಬೇಕು. ಏಳು ಕರಿಯವು ಅಳತೆಯಲ್ಲಿ ತಿಂದುಕೊಂಡಿದ್ದ ಬಯಲನ್ನು ಇಪ್ಪತ್ತೊಂದು ಬಿಳಿಯವು ಬಂದು ಬೋಳಿಸಿಬಿಟ್ಟವು. ಯಜಮಾನರು ದಿನಾ ಇನ್ನಷ್ಟು ದೂರ ಹೋಗಬೇಕಾಯಿತು. ರಿಂಗ್ ರೋಡಿನ ಆಚೆ, ಕಲ್ಲು ಒಡೆಯುವ ಕಡೆ. ಸಂಜೆ ಬಂದು ಕೂತರೆ ಕಾಲು ಎತ್ತಲು ಆಗುತ್ತಿರಲಿಲ್ಲ.

"ಅಪ್ಪಾ, ಇಷ್ಟು ಜಾಗಕ್ಕ ಇಷ್ಟು ಕುರಿ ಆಗಂಗಿಲ್ಲ" ಎಂದ ಮಗ. "ಕಡಿಮಿ ಮಾಡ್ಬೇಕು."

"ನಂಗೂ ಗೊತ್ತೈತಿ. ಯಾವು ಕಡಿಮಿ ಮಾಡ್ತಿ?"

ಇಬ್ಬರೂ ಹಟ್ಟಿಯ ಕಡೆ ನೋಡಿದರು. ನಾನು ರೊಟ್ಟಿ ಬಡಿಯುತ್ತಿದ್ದೆ, ಕೈ ನಿಲ್ಲಿಸಿದೆ. ಬಿಲ್ಲೆ ಇದ್ದವನ್ನು ಮುಟ್ಟುವಂತಿಲ್ಲ. ಬಿಲ್ಲೆ ಇಲ್ಲದವು ಯಾವುವು ಎಂದರೆ ನಮ್ಮವೇ. ನೆಲ ಅವುಗಳದು, ನಾವು ಅವುಗಳವರು, ಆದರೆ ಅವು ಯಾವ ನಂಬರಿನಲ್ಲೂ ಇರಲಿಲ್ಲ.

ಮೊದಲು ಕರಿ ಟಗರು ಹೋಯಿತು, ಬಕ್ರೀದಿನ ಮುಂಚೆ. ಆಮೇಲೆ ಒಂದೊಂದೇ ಹೆಣ್ಣು. ಮಗನ ಮೇಲೆ ತಪ್ಪು ಹೊರಿಸುವುದಿಲ್ಲ ನಾನು. ಅವನು ಟ್ರಾಲಿಗೆ ಹತ್ತಿಸುವಾಗ ಮುಖ ಆ ಕಡೆ ಮಾಡಿಕೊಂಡಿರುತ್ತಿದ್ದ. ಕೊನೆಗೆ ಒಂದೇ ಒಂದು ಹೆಣ್ಣು ಉಳಿಯಿತು. ಅದು ಗಬ್ಬವಾಗಿತ್ತು. ಕರಿ ಟಗರು ಹೋಗುವ ಮೊದಲೇ ಕಟ್ಟಿಕೊಂಡ ಗಬ್ಬ, ಹಾಗಾಗಿ ಹುಟ್ಟುವುದು ಅಪ್ಪಟ ಕರಿ ಮರಿ. ಅದರ ಮೇಲೇ ಇತ್ತು ಯಜಮಾನರ ಜೀವವೆಲ್ಲ. ಆ ಮರಿಯ ಉಣ್ಣೆ ಸಿಕ್ಕಿದರೆ ಮೊಮ್ಮಗುವಿಗೆ ಕಂಬಳಿ. ಸಿಗದಿದ್ದರೆ ಮುಂದೆ ಯಾವತ್ತೂ ಇಲ್ಲ. ಹಟ್ಟಿಯಲ್ಲಿ ಉಳಿಯುವುದು ಬಿಳಿ ಟಗರು ಒಂದೇ, ಅದರಿಂದ ಹುಟ್ಟುವುದೆಲ್ಲ ಬೋಳು ಮೈಯದು.

ಮಗನಿಗೂ ಇದು ಗೊತ್ತು. ಆದರೂ ಒಂದು ದಿನ, "ವ್ಯಾಪಾರಿ ಕೇಳಾಕತ್ಯಾನ ಅಪ್ಪಾ, ಆ ಕರಿದು..." ಎಂದು ಬಾಯಿ ತೆಗೆದ. ಯಜಮಾನರು ಎದ್ದು ಹಟ್ಟಿಗೆ ಹೋದರು.

ಅದೇ ವಾರ ಬಿಳಿ ಹೆಣ್ಣೊಂದು ಭೇದಿಯಾಗಿ ಸತ್ತಿತು. ಮಳೆಗಾಲ ಶುರುವಾಗಿತ್ತು, ಒದ್ದೆ ಹುಲ್ಲು ಅವಕ್ಕೆ ಆಗಿಬರುತ್ತಿರಲಿಲ್ಲ. ಕಿವಿ ಕೊಯ್ದು ಡಾಕ್ಟರಿಗೆ ಒಯ್ಯಬೇಕಿತ್ತಲ್ಲ, ಇವರು ಕಿವಿಯನ್ನೇನೋ ಕೊಯ್ದರು, ಒಯ್ಯಲಿಲ್ಲ. ಚಾಕು ಕಾಸಿ ಬಿಲ್ಲೆಯನ್ನು ಹುಷಾರಾಗಿ ಬಿಡಿಸಿದರು. ನಾನು ಹಟ್ಟಿಗೆ ಹೋಗಿ ನೋಡಿದರೆ ಕರಿ ಕುರಿಯನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ಕೂತಿದ್ದಾರೆ, ಕೈಯಲ್ಲಿ ಕಂಬಳಿ ಹೊಲಿಯುವ ದಬ್ಬಣ.

"ಏನ್ರೀ, ಏನ್ ಮಾಡಾಕತ್ತೀರಿ ಅದಕ್ಕ?"

"ಮದ್ವಿ ಮಾಡಾಕತ್ತೀನಿ, ಓಲಿ ಇಡಾಕತ್ತೀನಿ" ಎಂದರು. ಬಿಡಿಸುವಾಗ ಬಿಲ್ಲೆಯ ಹಿಂದಿನ ಗುಂಡಿ ಮುರಿದಿತ್ತು. ಹಾಗಾಗಿ ಕಿವಿಗೆ ತೂತು ಹಾಕಿ, ಬಿಲ್ಲೆಯನ್ನು ಉಣ್ಣೆಯ ದಾರದಿಂದ ಹೊಲಿದುಬಿಟ್ಟರು, ಅಂಗಿಗೆ ಗುಂಡಿ ಹೊಲಿದ ಹಾಗೆ. ಕುರಿ ತಲೆ ಕೊಡವಿತು, ಬಿಲ್ಲೆ ಅಲ್ಲಾಡಿತು. ಇವರ ಮುಖದಲ್ಲಿ ನಗೆ ನೋಡಬೇಕಿತ್ತು ನೀವು. "ಈಗ ಇಕಿನೂ ಸರಕಾರದಾಕಿ ಆದ್ಲು ನೋಡು. ಯಾವ ಮಗ ಮಾರ್ತಾನ ಮಾರ್ಲಿ. ಯೂನಿಟ್ಟೂ ತುಂಬ್ತು, ಇಕೀನೂ ಉಳದ್ಲು."

ಮಗ ಸಂಜೆ ಬಂದು ನೋಡಿದವನು ಹಣೆ ಬಡಿದುಕೊಂಡ. ಆಮೇಲೆ ಅವನಿಗೂ ನಗು ತಡೆಯಲಿಲ್ಲ. ಸೊಸೆಯೂ ಸೆರಗು ಬಾಯಿಗೆ ಒತ್ತಿ ನಕ್ಕಳು. ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅವತ್ತು.

ಸ್ವಲ್ಪ ದಿನಕ್ಕೆ ಡಾಕ್ಟರು ನಂಬರು ನೋಡಲು ಬಂದರು. ಜೊತೆಗೆ ಒಬ್ಬ ಕಾಂಪೌಂಡರು. ಒಂದೊಂದೇ ಕುರಿಯ ಕಿವಿ ಹಿಡಿದು ನಂಬರು ಓದುವುದು, ಕಾಂಪೌಂಡರು ಹ್ಞೂಂ ಎನ್ನುವುದು. ಕರಿಯದರ ಸರದಿ ಬಂತು. ಡಾಕ್ಟರು ಬಿಲ್ಲೆ ನೋಡಿದರು, ಕುರಿ ನೋಡಿದರು, ಯಜಮಾನರನ್ನು ನೋಡಿದರು.

"ಯಜಮಾನ್ರ, ಈ ನಂಬರಿನಾಕಿ ಬೆಳ್ಳಗಿದ್ದಾಕಿ. ಇಷ್ಟು ಕರ್ರಗ ಹೆಂಗಾದ್ಲು?"

"ಹೈದರಾಬಾದಿನ ಬಿಸಿಲು ಸಾಹೇಬ್ರ" ಎಂದರು ಇವರು, ಕಣ್ಣು ಪಿಳುಕಿಸದೆ.

"ಮಳಿಗಾಲದಾಗ?"

"ಹ್ವಾದ ಬ್ಯಾಸಿಗಿದು ಈಗ ಕಾಣಾಕತ್ತೇತ್ರಿ."

ಕಾಂಪೌಂಡರು ನಕ್ಕು ನಕ್ಕು ಕೆಮ್ಮಿದ. ಡಾಕ್ಟರಿಗೂ ತುಟಿಯಲ್ಲಿ ನಗು ಇತ್ತು. ಆದರೆ ಕಿವಿಯನ್ನು ತಿರುಗಿಸಿ ನೋಡಿದವರೇ ನಗು ನಿಲ್ಲಿಸಿದರು. ದಾರ ಹಾಯ್ದ ಕಡೆ ಕಿವಿ ಬಾತು ಮೆತ್ತಗಾಗಿತ್ತು. ನಾವು ಅದನ್ನು ನೋಡಿರಲಿಲ್ಲ ಎಂದಲ್ಲ, ಅರಿಶಿನ ಹಚ್ಚುತ್ತಿದ್ದೆವು. ಡಾಕ್ಟರು ದಾರ ಕತ್ತರಿಸಿದಾಗ ಕೆಳಗೆ ಹುಳ ಕಂಡವು, ಬಿಳೀ ಹುಳ, ಒಳಗೆ ಒಳಗೆ ಹೋಗಿದ್ದವು.

"ಯಾಕ್ ಮಾಡಿದ್ರಿ ಇದನ್ನ?" ಎಂದು ಮೆಲ್ಲಗೆ ಕೇಳಿದರು.

"ಯೂನಿಟ್ಟು ಕಡಿಮಿ ಆಗಬಾರದಂತ ನೀವ ಹೇಳಿದ್ರಲ್ರಿ. ಮತ್ತ ಬಿಲ್ಲೆ ಇದ್ರ ಯಾರೂ ಮಾರಂಗಿಲ್ಲಲ್ರಿ."

"ಸತ್ತದ್ದನ್ನ ತಿಳಸ್ರಿ ಅಂದಿದ್ದೆ, ಅಷ್ಟs. ಸತ್ತದ್ದರ ಜಾಗಾ ತುಂಬ್ರಿ ಅಂತ ಯಾರೂ ಹೇಳಿರ್ಲಿಲ್ಲ ಯಜಮಾನ್ರ. ಕುರಿ ಸಾಯ್ತಾವು. ನಮಗೂ ಗೊತ್ತೈತಿ."

ಯಜಮಾನರು ನಿಂತಲ್ಲೇ ಕೂತರು. ತಲೆಯ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡರು. ಡಾಕ್ಟರು ಗದರಲಿಲ್ಲ, ಯಾರಿಗೂ ದೂರು ಹೇಳಲಿಲ್ಲ. ಸತ್ತ ಬಿಳಿ ಕುರಿಯ ಸಂಗತಿ ಬರೆದುಕೊಂಡರು. ಕರಿಯದರ ಕಿವಿ ತೊಳೆದು, ಚಿಮಟದಿಂದ ಹುಳ ತೆಗೆದು, ಸೂಜಿ ಹಾಕಿದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು, ಕರೆಯದೆಯೇ. ಮಳೆ ಬಿಡುತ್ತಿರಲಿಲ್ಲ. ಗಬ್ಬದ ಕುರಿ, ಜೋರಿನ ಔಷಧ ಕೊಡುವಂತೆಯೂ ಇಲ್ಲ. ತಲೆ ಒಂದು ಕಡೆ ವಾಲಿಸಿಕೊಂಡು ನಿಲ್ಲುತ್ತಿತ್ತು ಬಡವಿ. ಮೇವು ಬಿಟ್ಟಿತು. ಯಜಮಾನರು ಜಾಲಿಕಾಯಿ ಆರಿಸಿ ತಂದು ಅಂಗೈಯಲ್ಲಿ ಇಟ್ಟು ಹಿಡಿದರೆ ಮೂಗಿನಿಂದ ಒಮ್ಮೆ ಮುಟ್ಟಿ ಬಿಡುತ್ತಿತ್ತು, ಅವರ ಮನಸ್ಸಿಗಾಗಿ ಎಂಬಂತೆ.

ಆ ಸ್ಥಿತಿಯಲ್ಲೇ ಅದು ಮರಿ ಹಾಕಿತು. ಹೆಣ್ಣು. ಕಾಡಿಗೆಯ ಹಾಗೆ ಕರ್ರಗೆ. ತಾಯಿ ಮರಿಯ ಮೈ ಪೂರಾ ನೆಕ್ಕಿ ಒಣಗಿಸಿತು. ಒಂದು ಸಲ ಹಾಲೂಡಿತು. ಮಧ್ಯಾಹ್ನ ನಾನು ಗಂಜಿ ತರುವಷ್ಟರಲ್ಲಿ ಕಾಲು ಚಾಚಿತ್ತು.

"ನಾನs ಚುಚ್ಚಿದೆ" ಎಂದರು ಯಜಮಾನರು. ಅಷ್ಟೇ ಅಂದದ್ದು. ಅದನ್ನು ಹೂಳುವಾಗ ದಬ್ಬಣವನ್ನೂ ಜೊತೆಗೆ ಹಾಕಿದರು. ಅವರ ಅಪ್ಪನ ಕಾಲದ ದಬ್ಬಣ ಅದು.

ಮರಿಯನ್ನು ಬಾಟಲಿ ಹಾಲು ಹಾಕಿ ಬೆಳೆಸಿದೆವು. ಸೊಸೆ ಬೆಳೆಸಿದಳು ಎನ್ನಬೇಕು. ಹಾಲಿನಂಗಡಿಯಿಂದ ಹಾಲು ತಂದು, ಬೆಚ್ಚಗೆ ಮಾಡಿ, ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಅವಳು ಹಾಗೆ ಕೂತಿದ್ದನ್ನು ನೋಡಿದಾಗೆಲ್ಲ ನಾನು ಒಳಗೆ ಹೋಗಿಬಿಡುತ್ತಿದ್ದೆ. ಮರಿ ದೊಡ್ಡದಾದ ಮೇಲೆ ಯಜಮಾನರು ಮೊದಲ ಕತ್ತರಿ ಹಾಕಿದರು. ಒಂದು ಗೀರು ಬೀಳದ ಹಾಗೆ ಕತ್ತರಿಸಿದರು. ಉಣ್ಣೆ ಎಷ್ಟು, ಒಂದು ತಲೆದಿಂಬಿನ ಚೀಲ ತುಂಬುವಷ್ಟು. ಬೇವಿನ ಎಲೆ ಹಾಕಿ ಜಂತಿಗೆ ಕಟ್ಟಿದರು.

"ಕಿವಿಗೆ ಮನಿ ಗುರುತು ಮಾಡ್ತೀರೇನು?" ಎಂದೆ.

"ಬ್ಯಾಡ. ಇಕಿ ಕಿವಿಗೆ ಕಬ್ಬಿಣ ಮುಟ್ಟಸೂದು ಬ್ಯಾಡ. ಬಿಲ್ಲೆನೂ ಬ್ಯಾಡ, ಗುರ್ತೂ ಬ್ಯಾಡ. ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು? ಹೆತ್ತಾಕಿ ಮಕ್ಕಳಿಗೆ ನಂಬರ್ ಹಾಕಿ ಇಡ್ತಾಳೇನು?"

ಮುಂದಿನದು ಉದ್ದಕ್ಕೆ ಬರೆಯಲು ಮನಸ್ಸಿಲ್ಲ. ಬಯಲಿಗೆ ತಂತಿ ಬೇಲಿ ಬಂತು. ಯೂನಿಟ್ಟಿನ ಗಡುವು ಮುಗಿದ ಮೇಲೆ ಬಿಳಿ ಕುರಿಗಳನ್ನು ಮಾರಿದೆವು. ಕುಷಾಯಿಗೂಡದಲ್ಲಿ ಬಾಡಿಗೆಯ ಎರಡು ಕೋಣೆಗೆ ಬಂದೆವು. ಮನೆಯೊಡತಿ ತೆಲುಗಿನವಳು, ಮೆಟ್ಟಿಲ ಕೆಳಗಿನ ಜಾಗದಲ್ಲಿ ಒಂದು ಕುರಿ ಕಟ್ಟಿಕೊಳ್ಳಲು ಒಪ್ಪಿದಳು, ವಾಸನೆ ಬಂದರೆ ಮಾತ್ರ ಬಿಡುವುದಿಲ್ಲ ಎಂದಳು. ದಿನಾ ಎರಡು ಸಲ ತೊಳೆಯುತ್ತಿದ್ದೆ. ಉಣ್ಣೆಯ ಚೀಲ ಹೊಸ ಮನೆಯ ಮೊಳೆಗೆ ಬಂತು. ಇಡೀ ಆಯುಷ್ಯ ಬಯಲಿನಲ್ಲಿ ತಿರುಗಿದ ಯಜಮಾನರು ಮೆಟ್ಟಿಲ ಮೇಲೆ ಕೂತು ಕೆಳಗಿನ ಒಂದೇ ಕುರಿಯನ್ನು ಕಾಯುತ್ತಿದ್ದರು. ಒಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿತು, ಇಳಿಯಲಿಲ್ಲ. ಹೋಗುವ ಮುಂಚಿನ ದಿನ ಮಾತು ನಿಂತಿತ್ತು. ಕಣ್ಣು ಮಾತ್ರ ಮೊಳೆಯ ಕಡೆ ಹೋಗುತ್ತಿತ್ತು. "ಐತಿ, ಹಂಗs ಐತಿ, ನೀರಿಗೆ ಬಿಟ್ಟಿಲ್ಲ" ಎಂದು ಹೇಳುತ್ತಲೇ ಇದ್ದೆ.

ಅವರು ಹೋಗಿ ವರ್ಷ ತುಂಬುವ ಹೊತ್ತಿಗೆ ಸೊಸೆಗೆ ದಿನ ನಿಂತವು. ನಾನು ಯಾರಿಗೂ ಹೇಳಲಿಲ್ಲ. ದೇವರಿಗೂ ಗಟ್ಟಿಯಾಗಿ ಹೇಳಲಿಲ್ಲ. ಚೀಲದ ಕಡೆ ನೋಡುತ್ತಲೂ ಇರಲಿಲ್ಲ, ನನ್ನ ದೃಷ್ಟಿಯೇ ತಾಗೀತು ಎಂದು. ಈ ಸಲ ಬಸುರು ನಿಂತಿತು. ಒಂಬತ್ತೂ ತಿಂಗಳು ನಿಂತಿತು.

ಹಾಗಾಗಿ, ಆಸ್ಪತ್ರೆಯಲ್ಲಿ ಆ ಪುಟ್ಟ ಕೈಯಲ್ಲಿ ಹಳದಿ ಬಿಲ್ಲೆ ಕಂಡಾಗ ನನಗೆ ಏನಾಗಿರಬೇಕು ನೀವೇ ಹೇಳಿ.

ಮನೆಗೆ ಬಂದ ಮೇಲೆ ಆ ಪಟ್ಟಿ ಬಿಚ್ಚಬೇಕಿತ್ತು. ನಾನು ಯಜಮಾನರ ಕತ್ತರಿ ತಂದೆ.

"ಅಯ್ಯ ಅತ್ತೀ! ಕುರಿ ಕತ್ತರಿ ತರಬ್ಯಾಡ್ರಿ! ಕೂಸಿನ ಕೈ ಅದು!" ಎಂದು ಸೊಸೆ ಹೌಹಾರಿದಳು.

"ಅದರಾಗ ನೂರಾರು ಮರಿ ಮೈ ಬೋಳಿಸ್ಯಾರ ನಿಮ್ಮ ಮಾವ, ಒಂದಕ್ಕೂ ಗೀರಿಲ್ಲ" ಎಂದೆ. ಆದರೂ ಕೈ ನನ್ನದಲ್ಲವೇ. ಕೊನೆಗೆ ಅವಳೇ ಉಗುರು ಕತ್ತರಿಯಿಂದ ಕತ್ತರಿಸಿದಳು. ಮಣಿಕಟ್ಟಿನಲ್ಲಿ ತೆಳ್ಳಗೆ ಒಂದು ಕೆಂಪು ಗೆರೆ ಇತ್ತು. ನಾನು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ, ಗೆರೆ ಹೋಗುವವರೆಗೆ ನಿದ್ದೆ ಮಾಡಲಿಲ್ಲ.

ಹೆಸರಿಡುವುದಕ್ಕೆ ಕೆಲವೇ ದಿನ ಇದ್ದವು. ಚೀಲ ಇಳಿಸಿದೆ. ಬಿಚ್ಚುವಾಗ ಒಂದೇ ಯೋಚನೆ, ನುಸಿ ತಿಂದಿದ್ದರೆ? ತಿಂದಿರಲಿಲ್ಲ. ಎಲೆ ಪುಡಿಯಾಗಿತ್ತು, ಉಣ್ಣೆ ಹಾಗೇ ಇತ್ತು. ಅದರಲ್ಲಿ ಇನ್ನೂ ಆ ಬಯಲಿನ ವಾಸನೆ ಇತ್ತು. ರಾಟಿ ಹಾಕಿ ಕೂತೆ. ಸೇಡಂ ಕಡೆ ಇನ್ನೂ ಕುರಿ ಕಾಯುವ ನನ್ನ ತಮ್ಮ, ಮಗ್ಗದ ಕೆಲಸ ಗೊತ್ತಿದ್ದವನು, ಸುದ್ದಿ ಕೇಳಿ ಕೋಲು ಹಲಗೆ ಎಲ್ಲ ಕಟ್ಟಿಕೊಂಡು ಬಸ್ಸಿಗೆ ಬಂದ. ಮಾಳಿಗೆಯ ಮೇಲೆ ಮಗ್ಗ ಹೂಡಿದ. ಹುಣಸೆ ಬೀಜದ ಗಂಜಿಯಂಥ ಸರಿ ಕಾಸಿ ನೂಲಿಗೆ ಹಚ್ಚಿದೆವು. ಮನೆಯೊಡತಿ ಮೂಗು ಮುಚ್ಚಿಕೊಂಡು ಬಂದವಳು, ನೋಡುತ್ತ ಕೂತು, ಸಂಜೆಗೆ ತಾನೂ ನೂಲು ಸುತ್ತಿಕೊಟ್ಟಳು.

ಉಣ್ಣೆ ಸಾಲಲಿಲ್ಲ. ಕಂಬಳಿ ಒಂದು ಟವೆಲ್ಲಿನಷ್ಟೇ ಆಯಿತು. "ಇಷ್ಟs ಅಕ್ಕಾ" ಎಂದು ತಮ್ಮ ನಾಚಿಕೊಂಡ, ಅವನ ತಪ್ಪು ಎಂಬಂತೆ. ಅದರ ಮೇಲೆ ಮೊಮ್ಮಗಳನ್ನು ಮಲಗಿಸಿದೆವು. ಕಾಲು ಮಡಚಿಕೊಂಡು ಮಲಗುವ ಜೀವಕ್ಕೆ ಎಷ್ಟು ಬೇಕು? ನಾಲ್ಕೂ ಕಡೆ ಅಂಚು ಉಳಿಯಿತು. ಬೆರಳು ಉಣ್ಣೆಯಲ್ಲಿ ಸಿಕ್ಕಿಸಿಕೊಂಡು ಹಾಗೇ ನಿದ್ದೆ ಹೋದಳು. ಮಗ ಹೊರಗೆ ಹೋಗಿ ಟ್ರಾಲಿಯ ಹತ್ತಿರ ನಿಂತ. ಅವನ ಬೆನ್ನು ಅಲ್ಲಾಡುತ್ತಿತ್ತು.

ಆಮೇಲೆ ಕುರಿಯ ಮಾತು ಬಂತು. ಮೆಟ್ಟಿಲ ಕೆಳಗೆ ಒಂಟಿಯಾಗಿ ಎಷ್ಟು ದಿನ ಇಡುವುದು ಅದನ್ನು. ಕೂಸಿನ ಕುರಿ, ಮಾರುವಂತಿಲ್ಲ. ತಮ್ಮನ ಹಿಂಡಿನಲ್ಲಿ ಕರಿ ಟಗರು ಇದೆ, ಬಯಲಿದೆ, ಹತ್ತಾರು ಕರಿಯವು ಜೊತೆಗಿವೆ. ಒಂದು ಕುರಿಯನ್ನು ಕುರಿ ಎನ್ನುವುದೇ ತಪ್ಪು, ಹಿಂಡಿದ್ದರೆ ಕುರಿ. ಕಳಿಸಬೇಕೆಂದು ನಾನೇ ಹೇಳಿದೆ. ಹೇಳಿದ ಮೇಲೆ ಊಟ ಸೇರಲಿಲ್ಲ.

ಹೊರಡುವಾಗ ತಮ್ಮ ಚಾಕು ತೆಗೆದ. "ಅಕ್ಕಾ, ಕಿವಿಗೆ ನಿಮ್ಮ ಮನಿ ಗುರುತು ಮಾಡ್ಲೇನು? ಭಾವ ಇಲ್ಲ, ನಾನಾದ್ರೂ ಮಾಡ್ತೀನಿ. ಇಲ್ಲಂದ್ರ ಹಿಂಡಿನಾಗ ಸೇರಿದ ಮ್ಯಾಲ ಯಾವುದು ನಿಮ್ದು, ಯಾವುದು ನಮ್ದು, ಗೊತ್ತಾಗಂಗಿಲ್ಲ."

ಕುರಿ ಕಿವಿ ಅಲ್ಲಾಡಿಸಿತು. ತೂತಿಲ್ಲ, ಕಚ್ಚಿಲ್ಲ, ಹುಟ್ಟಿದ ದಿನದ ಹಾಗೆ ಎರಡೂ ಕಿವಿ ತುಂಬು ಕಿವಿ.

"ಬ್ಯಾಡ" ಎಂದೆ. "ನಿಮ್ಮ ಭಾವ ಬ್ಯಾಡ ಅಂದಾರ."

ಮಗ್ಗದಲ್ಲಿ ಉಳಿದ ತುಂಡು ನೂಲು ಇತ್ತು. ಅದನ್ನೇ ಹೊಸೆದು ಕುರಿಯ ಕೊರಳಿಗೆ ಕಟ್ಟಿದೆ, ಸಡಿಲಾಗಿ. ಅದರ ಉಣ್ಣೆಯೇ ಅದು, ಕರಿಯ ಮೇಲೆ ಕರಿ, ಕಾಣಿಸಲೂ ಇಲ್ಲ. ಸೊಸೆ ಕೂಸನ್ನು ಎತ್ತಿಕೊಂಡು ಬಂದು ಬಾಗಿದಳು. ಕುರಿ ಕಂಬಳಿಯನ್ನು ಮೂಸಿತು, ಬಹಳ ಹೊತ್ತು ಮೂಸಿತು. ಆಮೇಲೆ ಮಗ ಅದನ್ನು ಟ್ರಾಲಿಗೆ ಹತ್ತಿಸಿದ. ಈ ಸಲ ಮುಖ ತಿರುಗಿಸಿಕೊಳ್ಳಲಿಲ್ಲ.

ಈಗ ಮನೆಯಲ್ಲಿ ಸಂತೋಷಕ್ಕೆ ಕಡಿಮೆಯಿಲ್ಲ. ಮೊಮ್ಮಗಳು ನಗುವುದು ಕಲಿತಿದ್ದಾಳೆ. ಸೀನಿದರೂ ನಮಗೆ ಹಬ್ಬ. ಮೆಟ್ಟಿಲು ಇಳಿಯುವಾಗ ಮಾತ್ರ ಕಾಲು ತಾನೇ ನಿಧಾನವಾಗುತ್ತದೆ, ತೊಳೆಯುವುದಕ್ಕೆ ಏನೂ ಇಲ್ಲ ಅಲ್ಲಿ.

ಮೊನ್ನೆ ಮಳೆ ಬಂದ ದಿನ ತಮ್ಮನಿಗೆ ಫೋನ್ ಮಾಡಿದೆ.

"ಹೆಂಗೈತಿ ಕೂಸಿನ ಕುರಿ?"

"ಚಲೋ ಐತಿ ಅಕ್ಕಾ. ಹಿಂಡಿನಾಗ ಕೂಡೇತಿ."

"ಕೊಳ್ಳಾಗಿನ ದಾರ?"

ಆ ಕಡೆ ಹಿಂಡಿನ ಸದ್ದು ಕೇಳುತ್ತಿತ್ತು, ಗಂಟೆ, ಮಳೆ.

"ದಾರ ಎಲ್ಲೋ ಬಿದ್ದೈತಿ ಅಕ್ಕಾ. ಆದ್ರ ಗೊತ್ತೈತಿ ನಂಗ, ಅಲ್ಲೇ ನಿಂತೈತಿ ನೋಡು, ನನ್ನs ನೋಡಾಕತ್ತೇತಿ."

ನನ್ನ ಮನಸ್ಸಿಗಾಗಿ ಹೇಳಿದನೋ, ನಿಜವಾಗಿ ಗೊತ್ತಿತ್ತೋ. ನಾನು ಕೆದಕಿ ಕೇಳಲಿಲ್ಲ. ಫೋನನ್ನು ಹಾಗೇ ಕೂಸಿನ ಕಿವಿಗೆ ಹಿಡಿದೆ. ಅಷ್ಟು ಕುರಿ ಕೂಗುತ್ತಿದ್ದವು. ಅವಳು ಕಣ್ಣು ಅರಳಿಸಿ, ಅಲುಗಾಡದೆ, ಕೇಳುತ್ತಾ ಇದ್ದಳು.